ಚುನಾವಣೆ ಕೆಲಸ ಕಲಿಯಬೇಕಾ? ಮೊದಲು ಒಂದು ಬೂತ್ ಹಿಡಿಯಿರಿ

ಪಕ್ಷದ ಆಫೀಸಿಗೆ ಬರುವ ಹುಡುಗರು ಮೊದಲು ಕೇಳುವುದೇ ಇದು: 'ಅಣ್ಣಾ, ಸ್ಟ್ರಾಟಜಿ ಟೀಮಿಗೆ ಹಾಕ್ತೀರಾ?' ನಾನು ಒಂದು ಬೂತಿನ ಮತದಾರರ ಪಟ್ಟಿ, ಒಂದು ಕೆಂಪು ಪೆನ್ನು ಕೊಟ್ಟು ಕಳಿಸುತ್ತೇನೆ. ಅರ್ಧ ಜನ ವಾಪಸ್ ಬರುವುದಿಲ್ಲ.

ಪಟ್ಟಿ ಹಿಡಿದು ಮನೆಮನೆಗೆ ಹೋಗಿ. ತೀರಿಕೊಂಡವರು, ಮದುವೆಯಾಗಿ ಬೇರೆ ಊರಿಗೆ ಹೋದವರು, ಬೆಂಗಳೂರಲ್ಲಿ ಕೆಲಸಕ್ಕಿರುವವರು, ಎಲ್ಲರ ಹೆಸರಿನ ಪಕ್ಕ ಗುರುತು ಹಾಕಿ. ಬೆಂಗಳೂರಿನ ಮಗನ ನಂಬರ್ ಅಮ್ಮನ ಹತ್ತಿರ ಇಸ್ಕೊಳ್ಳಿ, ಅಪ್ಪನಿಗೆ ಗೊತ್ತಿರಲ್ಲ. 18 ತುಂಬಿದವರಿದ್ದರೆ ಪಟ್ಟಿಗೆ ಹೊಸ ಹೆಸರು ಸೇರಿಸುವ ಫಾರಂ 6 ಅಲ್ಲೇ ತುಂಬಿಸಿ.

ಒಂದು ಬೂತಿನಿಂದ ಏನಾಗುತ್ತೆ ಅಂತೀರಾ? 2004ರಲ್ಲಿ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಗೆದ್ದಿದ್ದು ಒಂದೇ ಒಂದು ಮತದಿಂದ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಅಂತರ ಬರೀ 16.

ಬೂತ್ ಏಜೆಂಟ್ ಆಗಿ ಮಾತುಗಾರನನ್ನು ಕೂರಿಸಬೇಡಿ. ಊರಿನವರ ಮುಖ ಗೊತ್ತಿರುವವನು ಬೇಕು. ಡೈರಿಯಲ್ಲಿ ಹಾಲು ಅಳೆಯುವವನು ಸಿಕ್ಕರೆ ಬಿಡಲೇಬೇಡಿ. 7ಕ್ಕೆ ಮತದಾನ ಅಂದರೆ ಅವನು 5.30ಕ್ಕೇ ಒಳಗಿರಬೇಕು, ಮೆಷಿನ್ ಸರಿ ಇದೆಯಾ ಅಂತ ನೋಡುವ ಅಣಕು ಮತದಾನ ನಡೆಯುವುದು ಆಗ. ಕನಿಷ್ಠ 50 ವೋಟು ಒತ್ತಿ, ಎಣಿಸಿ, ಅಳಿಸಿದ್ದನ್ನು ಕಣ್ಣಾರೆ ನೋಡಿದ ಮೇಲೆಯೇ ಸಹಿ.

ಆಮೇಲೆ ಊಟ. ನಗಬೇಡಿ. ನನ್ನ ಮೊದಲ ಚುನಾವಣೆಯಲ್ಲಿ ಹನ್ನೊಂದು ಬೂತಿಗೆ ಊಟ ಕಳಿಸುವುದು ನನ್ನ ಪಾಲಿಗೆ ಬಂದಿತ್ತು. ಒಂದಕ್ಕೆ ಮರೆತೆ. ಏಜೆಂಟ್ ಎರಡೂವರೆಗೆ ಮನೆಗೆ ಹೋದ, ಉಂಡ, ಮಲಗಿಬಿಟ್ಟ. ಸಂಜೆ 17ಸಿ ಪ್ರತಿ ಇಸ್ಕೊಳ್ಳಲು ನಮ್ಮವರು ಯಾರೂ ಇಲ್ಲ. ಬೂತಿನಲ್ಲಿ ಎಷ್ಟು ವೋಟು ಬಿತ್ತು ಅಂತ ಅಧಿಕಾರಿ ಬರೆದು ಸಹಿ ಹಾಕಿ ಕೊಡುವ ಹಾಳೆ ಅದು. ಎಣಿಕೆ ದಿನ ಮೆಷಿನ್ನಿನ ಲೆಕ್ಕ ಅದರ ಜೊತೆ ತಾಳೆ ನೋಡಬೇಕು. ಅವತ್ತು ಆ ಬೂತಿನ ಸರದಿ ಬಂದಾಗ ನಾವು ಬರಿಗೈಲಿ ಪಕ್ಕದವರ ಹಾಳೆ ಇಣುಕುತ್ತಾ ನಿಂತಿದ್ದೆವು. ಈಗ ಹನ್ನೆರಡೂವರೆಗೇ ಪುಳಿಯೋಗರೆ ಪೊಟ್ಟಣ ಬೂತ್ ಬಾಗಿಲಲ್ಲಿ.

ಖರ್ಚಿನ ಮಿತಿ ವಿಧಾನಸಭೆ ಅಭ್ಯರ್ಥಿಗೆ 40 ಲಕ್ಷ. ಚುನಾವಣೆಗೆಂದೇ ಬೇರೆ ಬ್ಯಾಂಕ್ ಖಾತೆ ಇರಲಿ. ಫಲಿತಾಂಶದ 30 ದಿನದೊಳಗೆ ಲೆಕ್ಕ ಕೊಡಬೇಕು. ಶಾಮಿಯಾನದವರು, ಮೈಕ್ ಆಟೋದವರು ಬಿಲ್ಲಿಗೆ ಓಡಾಡಿಸುತ್ತಾರೆ, ದುಡ್ಡು ಕೊಡುವಾಗಲೇ ಇಸ್ಕೊಳ್ಳಿ.

ನಿಮ್ಮ ಸಂಬಳವನ್ನೂ ನಾಮಪತ್ರಕ್ಕೆ ಮುಂಚೆಯೇ ಮಾತಾಡಿ. ಸೋತವರು ಫೋನ್ ಎತ್ತಲ್ಲ, ಗೆದ್ದವರಿಗೆ ಪುರುಸೊತ್ತಿರಲ್ಲ. ನನಗೆ 2018ರದ್ದೇ ಎರಡು ತಿಂಗಳದ್ದು ಇನ್ನೂ ಬರಬೇಕು.