ಚುಕ್ಕಿ ಹುಳು ಸಾಯಲಿಲ್ಲ, ಮೊಟ್ಟೆ ನಿಂತಿತು

ಬದನೆ ಎಲೆಯ ಹಸಿರನ್ನೆಲ್ಲ ಕೆರೆದು ತಿಂದು ಬರೀ ನರಗಳ ಬಲೆ ಉಳಿಸಿದ್ದರೆ ಅದು ಹೆಚ್ಚಾಗಿ ಎಪಿಲ್ಯಾಕ್ನಾ ದುಂಬಿಯ ಕೆಲಸ. ನಮ್ಮ ಕಡೆ ರೈತರು ಸುಮ್ನೆ ಚುಕ್ಕಿ ಹುಳ ಅನ್ನುತ್ತಾರೆ. ಕಂದು ಬೆನ್ನಿನ ಮೇಲೆ 28 ಕಪ್ಪು ಚುಕ್ಕಿ. ದೊಡ್ಡದೂ ಎಲೆ ತಿನ್ನುತ್ತದೆ, ಮೈತುಂಬ ಮುಳ್ಳಿರುವ ಹಳದಿ ಮರಿಯೂ ತಿನ್ನುತ್ತದೆ. ಬೆಂಗಳೂರಿನ ಬಳ್ಳಾರಿ ರಸ್ತೆ ಕಡೆಯ ಒಂದು ಲ್ಯಾಬಿನಲ್ಲಿ ನಾನು ಈ ಹುಳು ಮೊಟ್ಟೆ ಇಡದಂತೆ ಮಾಡುವ ಕೆಲಸ ಮಾಡಿದೆ. ವಿಷ ಹಾಕಿ ಅಲ್ಲ, ಅದರ ಒಂದು ಜೀನಿನ ಬಾಯಿ ಮುಚ್ಚಿಸಿ.

ಜೀನಿನ ಮಾತು ಹೊರಗೆ ಬರುವುದು ಒಂದೆಳೆ ಆರ್‌ಎನ್‌ಎ ಮೂಲಕ. ಅದೇ ಜೀನಿಗೆ ಹೊಂದುವ ಎರಡೆಳೆ ಆರ್‌ಎನ್‌ಎಯನ್ನು ನಾವು ಮಾಡಿ ಜೀವಕೋಶದೊಳಗೆ ಸೇರಿಸಿದರೆ, ಡೈಸರ್ ಎಂಬ ಕಿಣ್ವ ಅದನ್ನು 21ರಿಂದ 23 ಅಕ್ಷರದ (ಎಳೆಯ ಒಂದೊಂದು ಘಟಕವೂ ಒಂದು ಅಕ್ಷರ) ತುಂಡುಗಳಾಗಿ ಕತ್ತರಿಸುತ್ತದೆ. ಜೀವಕೋಶ ಆ ತುಂಡುಗಳನ್ನೇ ಗುರುತಾಗಿ ಹಿಡಿದು, ಹೊಂದುವ ತನ್ನದೇ ಆರ್‌ಎನ್‌ಎಯನ್ನು ಹುಡುಕಿ ಕತ್ತರಿಸುತ್ತದೆ. ಡಿಎನ್‌ಎ ಹಾಗೇ ಇರುತ್ತದೆ, ಪ್ರೋಟೀನ್ ಮಾತ್ರ ತಯಾರಾಗುವುದಿಲ್ಲ. ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ 1998ರಲ್ಲಿ ಇದನ್ನು ಒಂದು ಸಣ್ಣ ದುಂಡುಹುಳದಲ್ಲಿ ತೋರಿಸಿದರು. 2006ರಲ್ಲಿ ಅವರಿಗೆ ನೊಬೆಲ್ ಬಂತು.

ಬದನೆಗೆ ದೊಡ್ಡ ಶತ್ರು ಕಾಯಿಕೊರಕ, ಅದನ್ನು ಬಿಟ್ಟು ಇದ್ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಕಾಯಿಕೊರಕ ಪತಂಗದ ಜಾತಿ. ಪತಂಗದ ಮರಿಗಳ ಕರುಳಿನಲ್ಲಿ ಎರಡೆಳೆ ಆರ್‌ಎನ್‌ಎಯನ್ನು ಜೀರ್ಣ ಮಾಡಿಬಿಡುವ ಕಿಣ್ವಗಳು ಜೋರಾಗಿರುತ್ತವೆ. ಜೀವಕೋಶದೊಳಗೆ ಹೋದದ್ದೂ ಅಲ್ಲೇ ಸಣ್ಣ ಚೀಲಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದು ಸಲ ಕೆಲಸ ಮಾಡುತ್ತದೆ, ಇನ್ನೊಂದು ಸಲ ಇಲ್ಲ. ದುಂಬಿಗಳಲ್ಲಿ ಈ ತಕರಾರು ಕಡಿಮೆ. ಎಲೆಗೆ ಹಚ್ಚಿ ತಿನ್ನಿಸಿದರೂ ಸಾಕು. ಅಮೆರಿಕದಲ್ಲಿ 2023ರ ಕೊನೆಗೆ ಒಪ್ಪಿಗೆ ಸಿಕ್ಕ ಲೆಡ್‌ಪ್ರೋನಾ ಎಂಬ ಆರ್‌ಎನ್‌ಎ ಸಿಂಪಡಣೆಯೂ ಆಲೂಗಡ್ಡೆ ದುಂಬಿಯ ಮೇಲಿನದೇ.

ಲೆಡ್‌ಪ್ರೋನಾ ಹುಳುವನ್ನು ಕೊಲ್ಲುತ್ತದೆ. ನಾನು ಕೊಲ್ಲುವ ಜೀನ್ ಬಿಟ್ಟು ವೈಟೆಲ್ಲೊಜೆನಿನ್ ಹಿಡಿದೆ. ಇದು ಮೊಟ್ಟೆಯೊಳಗಿನ ಹಳದಿಗೆ ಬೇಕಾದ ಪ್ರೋಟೀನ್. ಹೆಣ್ಣಿನ ಕೊಬ್ಬಿನ ಅಂಗಾಂಶದಲ್ಲಿ ತಯಾರಾಗಿ, ರಕ್ತದಲ್ಲಿ ಹರಿದು, ಅಂಡಾಶಯಕ್ಕೆ ಸೇರುತ್ತದೆ. ಕೊಲ್ಲುವ ಜೀನ್‌ಗಳು ಜೀವಕೋಶದ ಮೂಲ ಕೆಲಸದವು. ಅವುಗಳ ಅಕ್ಷರಗಳು ಹುಳುವಿನಿಂದ ಹುಳುವಿಗೆ ಅಷ್ಟಾಗಿ ಬದಲಾಗುವುದಿಲ್ಲ. ವೈಟೆಲ್ಲೊಜೆನಿನ್ 5,000ಕ್ಕೂ ಹೆಚ್ಚು ಅಕ್ಷರದ ಉದ್ದನೆಯ ಜೀನ್, ಜಾತಿಯಿಂದ ಜಾತಿಗೆ ಸಾಕಷ್ಟು ಬದಲಾಗಿರುತ್ತದೆ. ಅದರಲ್ಲಿ ಈ ಹುಳುವಿಗೆ ಮಾತ್ರ ತಾಗುವ ತುಂಡು ಹುಡುಕಲು ಜಾಗ ಇದೆ.

ಆ ಜಾಗ ನನಗೆ ಯಾಕೆ ಅಷ್ಟು ಮುಖ್ಯ ಅಂದರೆ, ಚುಕ್ಕಿ ಹುಳುವಿನ ನೆಂಟರಲ್ಲಿ ಹೆಚ್ಚಿನವರು ರೈತರ ಸ್ನೇಹಿತರು! ಇದು ಗುಲಗಂಜಿ ಹುಳುಗಳ ಕುಟುಂಬದ್ದೇ. ಗಿಡಹೇನು ತಿನ್ನುವ ಗುಲಗಂಜಿ ಹುಳುವನ್ನು ಇದೇ ಅಂದುಕೊಂಡು ಹೊಸಕಿ ಹಾಕುವವರನ್ನು ಹೊಸಕೋಟೆ ಕಡೆ ತೋಟಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ಬೆನ್ನು ಫಳಫಳ ಹೊಳೆಯುತ್ತಿದ್ದರೆ ಅದನ್ನು ಬಿಡಿ. ಮಂಕಾಗಿ, ಸಣ್ಣ ರೋಮ ಇದ್ದಂತೆ ಕಂಡರೆ ಅದು ಎಲೆ ತಿನ್ನುವವನು. ಕಣ್ಣಿಗೆ ಇಷ್ಟು ಸಾಕು. ಆರ್‌ಎನ್‌ಎಗೆ ಕಣ್ಣಿಲ್ಲ, ಅದಕ್ಕೆ ಅಕ್ಷರ ಮಾತ್ರ ಗೊತ್ತು.

ಹಾಗಾಗಿ ಕಂಪ್ಯೂಟರ್ ಮುಂದೆ ಕೂತದ್ದೇ ಜಾಸ್ತಿ. ಸುಮಾರು 300 ಅಕ್ಷರದ ತುಂಡು ಆರಿಸಬೇಕು. ಆ ತುಂಡಿನಲ್ಲಿ ಎಲ್ಲಿಂದ ಶುರು ಮಾಡಿ 21 ಅಕ್ಷರ ಎಣಿಸಿದರೂ ಅದು ಸ್ನೇಹಿತ ಹುಳುವಿನ ಯಾವ ಜೀನಿಗೂ ಪೂರ್ತಿ ಹೊಂದಬಾರದು. ಜೇನಿನ ಜೊತೆ ಹೋಲಿಸಿದಾಗ ಕಷ್ಟವೇ ಆಗಲಿಲ್ಲ, ಅದು ದೂರದ ಜೀವಿ. ಕಷ್ಟ ಆದದ್ದು ಕ್ರಿಪ್ಟೊಲೀಮಸ್ ಜೊತೆ. ಹಿಟ್ಟು ತಿಗಣೆ ತಿನ್ನುವ ಈ ಗುಲಗಂಜಿ ಹುಳುವನ್ನು ಕಾಫಿ ತೋಟದ ಕೀಟಗಳಿಗಾಗಿ 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದಿದ್ದರು. ಜೀನಿನ ಕೆಲವು ಭಾಗ ಎರಡೂ ಹುಳುಗಳಲ್ಲಿ ಸಾಲುಗಟ್ಟಲೆ ಒಂದೇ. ಅಂಥ ಭಾಗಗಳನ್ನೆಲ್ಲ ಬಿಟ್ಟೆ. ಬೇಗ ಮುಗಿಯಲಿ ಅಂತ ಯಾವುದೋ ಪ್ರಬಂಧದಲ್ಲಿದ್ದ ಪ್ರೈಮರ್ (ಜೀನಿನ ಯಾವ ತುಂಡನ್ನು ನಕಲು ಮಾಡಬೇಕು ಅಂತ ಗುರುತಿಸುವ ಸಣ್ಣ ಡಿಎನ್‌ಎ) ಎತ್ತಿಕೊಳ್ಳುವವರಿದ್ದಾರೆ. ನನಗೆ ಅದು ಒಪ್ಪುವುದಿಲ್ಲ. ಈ ಕೆಲಸದಲ್ಲಿ ಬುದ್ಧಿ ಖರ್ಚು ಮಾಡಬೇಕಾದ ಜಾಗ ಇದೇ, ಉಳಿದದ್ದು ಕೈ ಪಳಗಿದರೆ ಬರುತ್ತದೆ.

ಹುಳು ಸಾಕುವುದು ಸುಲಭ, ಅದಕ್ಕೆ ಎಲೆ ಒದಗಿಸುವುದು ಕಷ್ಟ. ಹೊರಗಿನ ತೋಟದ ಎಲೆಯಲ್ಲಿ ಔಷಧಿ ಇರುತ್ತದೆ, ಹುಳು ಯಾವುದರಿಂದ ಸತ್ತಿತು ಅಂತಲೇ ತಿಳಿಯುವುದಿಲ್ಲ. ಕುಂಡಗಳಲ್ಲಿ ನಾವೇ ಬದನೆ ಬೆಳೆಸಿದೆವು. ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ಸುತ್ತ ಬಲೆ. ಬೇಸಿಗೆಯಲ್ಲಿ ಕರೆಂಟ್ ಹೋದರೆ ಹುಳು ಸಾಕುವ ಕೋಣೆ ಬಿಸಿಯೇರುತ್ತದೆ. ಯುಪಿಎಸ್ ಮೊದಲು ಆ ಕೋಣೆಗೆ, ಆಮೇಲೆ ನಿಮ್ಮ ಕಂಪ್ಯೂಟರ್‌ಗೆ.

ಆರ್‌ಎನ್‌ಎ ತಯಾರಿಗೆ ಎರಡು ದಾರಿ. ಕಿಟ್ ತಂದು ಟ್ಯೂಬಿನಲ್ಲೇ ಮಾಡಬಹುದು, ಶುದ್ಧವಾಗಿರುತ್ತದೆ, ಜೇಬು ಖಾಲಿಯಾಗುತ್ತದೆ. ಇಲ್ಲವೇ ಎಚ್‌ಟಿ115 ಎಂಬ ಬ್ಯಾಕ್ಟೀರಿಯಾ ಕೈಯಲ್ಲಿ ಮಾಡಿಸಬಹುದು. ಎರಡೆಳೆ ಆರ್‌ಎನ್‌ಎಯನ್ನು ಒಡೆಯುವ ಕಿಣ್ವ ಅದರಲ್ಲಿ ಇರುವುದಿಲ್ಲ, ಹಾಗಾಗಿ ಮಾಡಿದ್ದು ಉಳಿಯುತ್ತದೆ. ಮೊದಲ ಪರೀಕ್ಷೆಗೆ ಕಿಟ್, ಜಾಸ್ತಿ ಬೇಕಾದಾಗ ಬ್ಯಾಕ್ಟೀರಿಯಾ. ಇದಕ್ಕೆ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಮೊದಲೇ ತೆಗೆದುಕೊಂಡಿರಬೇಕು.

ಯಾವಾಗ ಕೊಡಬೇಕು ಅನ್ನುವುದು ಇನ್ನೂ ಮುಖ್ಯ. ಮರಿ ದುಂಬಿಯಾಗಿ ಬದಲಾಗುವ ಕೋಶದಿಂದ (ಪ್ಯೂಪಾ) ಆಗ ತಾನೇ ಹೊರಬಂದ ದುಂಬಿ ತಿಳಿ ಹಳದಿ, ಮೈಮೇಲೆ ಒಂದೂ ಚುಕ್ಕಿ ಇರುವುದಿಲ್ಲ. ಕೆಲವು ಗಂಟೆ ಕಳೆದ ಮೇಲೆ ಮೂಡುತ್ತವೆ. ಚುಕ್ಕಿ ಮೂಡಿ, ಮೈ ಗಟ್ಟಿಯಾಗಿ, ತಿನ್ನಲು ಶುರು ಮಾಡಿದ ಕೂಡಲೇ ಆರ್‌ಎನ್‌ಎ ಹಚ್ಚಿದ ಎಲೆ ಕೊಡುತ್ತಿದ್ದೆ. ಮೊಟ್ಟೆಗೆ ಹಳದಿ ತುಂಬಿದ ಮೇಲೆ ಕೊಟ್ಟರೆ ತುಂಬಿದ್ದು ಹೊರಗೆ ಬಂದೇ ಬರುತ್ತದೆ. ನಾವು ಕತ್ತರಿಸುವುದು ಆರ್‌ಎನ್‌ಎಯನ್ನು, ಆಗಲೇ ತಯಾರಾದ ಪ್ರೋಟೀನನ್ನಲ್ಲ.

ಹೋಲಿಕೆಗೆ ಒಂದು ಗುಂಪಿಗೆ ನೀರು ಹಚ್ಚಿದ ಎಲೆ, ಇನ್ನೊಂದಕ್ಕೆ ಜಿಎಫ್‌ಪಿ ಜೀನಿನ ಆರ್‌ಎನ್‌ಎ. ಜಿಎಫ್‌ಪಿ ಒಂದು ಜೆಲ್ಲಿ ಮೀನಿನ ಹಸಿರು ಹೊಳೆಯುವ ಪ್ರೋಟೀನ್, ದುಂಬಿಯಲ್ಲಿ ಇಲ್ಲ. ಆರ್‌ಎನ್‌ಎ ತಿಂದದ್ದರಿಂದಲೇ ಹುಳು ಸೊರಗಿತಾ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಮೊಟ್ಟೆ ಎಣಿಸುವಾಗ ಒಂದು ಮೋಸ ಇದೆ. ಇವು ತಮ್ಮ ಮೊಟ್ಟೆಯನ್ನೇ ತಿಂದುಬಿಡುತ್ತವೆ, ಎಲೆ ಒಣಗಿದ್ದರಂತೂ ಕೇಳಲೇಬೇಡಿ. ದಿನಕ್ಕೊಂದು ಸಲ ಎಣಿಸಿದರೆ ತಿಂದದ್ದೂ ಇಡದ್ದೂ ಒಂದೇ ಲೆಕ್ಕಕ್ಕೆ ಬೀಳುತ್ತದೆ. ನಾನು ಬೆಳಿಗ್ಗೆ ಸಂಜೆ ಎರಡೂ ಹೊತ್ತು ನೋಡಿ, ಮೊಟ್ಟೆ ಗುಂಪಿದ್ದ ಎಲೆಯನ್ನು ಅಲ್ಲೇ ಬೇರೆ ತಟ್ಟೆಗೆ ಹಾಕುತ್ತಿದ್ದೆ. ಹಬ್ಬಕ್ಕೆ ಊರಿಗೆ ಹೋಗಬೇಕಾದರೆ ಲ್ಯಾಬಿನಲ್ಲಿ ಯಾರನ್ನಾದರೂ ಕಾಡಿ ಬೇಡಿ ಒಪ್ಪಿಸಬೇಕು.

ಫಲ ಏನಾಯಿತು? ನೀರಿನ ಗುಂಪು, ಜಿಎಫ್‌ಪಿ ಗುಂಪು ಎರಡೂ ಎಲೆಯಡಿ ಹಳದಿ ಮೊಟ್ಟೆಗಳನ್ನು ಒತ್ತಾಗಿ ನಿಲ್ಲಿಸಿದವು. ವೈಟೆಲ್ಲೊಜೆನಿನ್ ಗುಂಪಿನಲ್ಲಿ ಹಲವು ಹೆಣ್ಣುಗಳು ಇಡಲೇ ಇಲ್ಲ. ಇಟ್ಟವುಗಳಲ್ಲೂ ಎಷ್ಟೋ ಒಡೆದು ಮರಿಯಾಗಲಿಲ್ಲ. ಹೊಟ್ಟೆ ಬಿಡಿಸಿ ಸೂಕ್ಷ್ಮದರ್ಶಕದಡಿ ನೋಡಿದಾಗ ಅಂಡಾಶಯ ಬಿಳಿಚಿಕೊಂಡು ಪಾರದರ್ಶಕವಾಗಿತ್ತು, ಹಳದಿಯೇ ಸೇರಿರಲಿಲ್ಲ. ಜೀನಿನ ಆರ್‌ಎನ್‌ಎ ಎಷ್ಟಿದೆ ಅಂತ ಅಳೆಯುವ ಕ್ಯೂಪಿಸಿಆರ್ ಗ್ರಾಫಿಗಿಂತ ನಾನು ಈ ಅಂಡಾಶಯವನ್ನೇ ಜಾಸ್ತಿ ನಂಬುತ್ತೇನೆ. ಅದೇ ಆರ್‌ಎನ್‌ಎಯನ್ನು ಸಕ್ಕರೆ ನೀರಲ್ಲಿ ಕ್ರಿಪ್ಟೊಲೀಮಸ್‌ಗೂ ಕುಡಿಸಿದೆವು. ಸಿಹಿಕುಂಬಳದ ಮೇಲೆ ಬೆಳೆಸಿದ ಹಿಟ್ಟು ತಿಗಣೆ ನಡುವೆ ಅವು ಎಂದಿನಂತೆ ಮೊಟ್ಟೆ ಇಟ್ಟವು.

ಹುಳು ಹಿಡಿಯಲು ಹೋಗುತ್ತಿದ್ದ ತೋಟದ ರೈತರೊಬ್ಬರಿಗೆ ಇದನ್ನೆಲ್ಲ ಹೇಳಿದೆ. ಅವರ ಮೊದಲ ಪ್ರಶ್ನೆ, "ಇದು ಬಿಟಿ ಬದನೆ ತರಾನಾ ಮೇಡಂ?" 2010ರ ಫೆಬ್ರವರಿಯಲ್ಲಿ ಬೆಂಗಳೂರಲ್ಲೂ ಸಭೆ ನಡೆದು, ಬಿಟಿ ಬದನೆಗೆ ತಡೆ ಬಿದ್ದದ್ದು ಅವರಿಗೆ ನೆನಪಿತ್ತು. ಅಲ್ಲ ಅಣ್ಣ, ಅದರಲ್ಲಿ ಗಿಡದ ಜೀನೇ ಬೇರೆ, ಅದು ಕಾಯಿಕೊರಕಕ್ಕೆ. ಇಲ್ಲಿ ಗಿಡ ನಿಮ್ಮದೇ ಅಂದೆ.

"ಸರಿ, ಹುಳ ಸಾಯಲ್ವಲ್ಲ? ಇವತ್ತು ತಿನ್ನೋದು ತಿಂತಾನೇ ಇರುತ್ತೆ."

"ಇವತ್ತಿಂದು ತಿನ್ನುತ್ತೆ. ಅದರ ಮರಿ ಇರಲ್ಲ."

"ಪಕ್ಕದ ತೋಟದಿಂದ ಹಾರಿ ಬರೋದು?"

ಈ ಪ್ರಶ್ನೆಗೆ ಲ್ಯಾಬಿನಲ್ಲಿ ಉತ್ತರ ಇಲ್ಲ. ಒಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಬೇಲಿಯಾಚೆ ಒಂದಿಷ್ಟು ಉಳಿದರೂ ಸಾಕು. ಅಕ್ಕಪಕ್ಕದವರೆಲ್ಲ ಒಟ್ಟಿಗೆ, ಅದೂ ಹೊಸ ದುಂಬಿ ಏಳುವ ಹೊತ್ತಿಗೆ ಸಿಂಪಡಿಸಿದರೆ ಮಾತ್ರ ಇದಕ್ಕೆ ಬೆಲೆ. ಆಗಲೂ ಮೊದಲ ಪೀಳಿಗೆಯ ಹೊಡೆತ ತಪ್ಪದು. ಎಳೆ ಗಿಡದಲ್ಲಿ ಹುಳು ಕಂಡರೆ ಮೊಟ್ಟೆ ಇರುವ ಎಲೆಯನ್ನು ಕೈಯಲ್ಲೇ ಕಿತ್ತು ಹಾಕಿ ಅಂತಲೇ ನಾನು ಈಗಲೂ ಹೇಳುವುದು.

ಇನ್ನೊಂದು ತಲೆನೋವು ಬಿಸಿಲು, ಮಳೆ. ಎಲೆ ಮೇಲಿನ ಆರ್‌ಎನ್‌ಎ ಬಿಸಿಲಿಗೆ ಹಾಳಾಗುತ್ತದೆ, ಮಳೆಗೆ ತೊಳೆದುಹೋಗುತ್ತದೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ತಂಡವೊಂದು 2017ರಲ್ಲಿ ಜೇಡಿಮಣ್ಣಿನ ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೊ ಹಾಳೆಗಳಿಗೆ ಆರ್‌ಎನ್‌ಎ ಅಂಟಿಸಿ, ಒಂದೇ ಸಿಂಪಡಣೆಯಲ್ಲಿ ತಂಬಾಕು ಗಿಡವನ್ನು ವೈರಸ್‌ನಿಂದ 20 ದಿನ ಕಾಪಾಡಿತ್ತು. ಅವರ ಕಣ್ಣಿದ್ದದ್ದು ಗಿಡದೊಳಗಿನ ವೈರಸ್ ಮೇಲೆ. ನನಗೆ ಬೇಕಾದದ್ದು ಹುಳುವಿನ ಕರುಳಿನಲ್ಲಿ ಜೇಡಿ ಬಿಟ್ಟುಕೊಡುವ ಆರ್‌ಎನ್‌ಎ. ಈಗ ಕುಂಡದ ಗಿಡಗಳಿಗೆ ಅಂಥ ಮಿಶ್ರಣ ಹಚ್ಚಿ, ಮೇಲಿನಿಂದ ನೀರು ಚಿಮುಕಿಸಿ, ಅದೇ ಎಲೆಯನ್ನು ಹೊಸ ದುಂಬಿಗಳಿಗೆ ಹಾಕುತ್ತಿದ್ದೇನೆ. ಎಣಿಕೆ ಮಾತ್ರ ಮೊದಲಿನಂತೆಯೇ, ದಿನಕ್ಕೆ ಎರಡು ಹೊತ್ತು.