ನನ್ನ ಕೈಯಲ್ಲಿಲ್ಲದ ಹೊತ್ತನ್ನು ಮೊದಲು ಬರೆದೆ

2023ರ ಜನವರಿ ಕೊನೆಯ ವಾರ. ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆಯ ಗಣಿತ ಪತ್ರಿಕೆಗಳನ್ನು ಮಕ್ಕಳ ಕೈಗೆ ಕೊಟ್ಟ ಮರುದಿನ ಕೊನೆಯ ಬೆಂಚಿನ ಹುಡುಗನೊಬ್ಬ ಶಾಲೆಗೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾನು ಅವನಿಗೆ ಹಾಕಿದ್ದು 80ಕ್ಕೆ 26. ಪಾಸಾಗಲು ಆಗ 28 ಬೇಕಿತ್ತು. ಮೂರನೇ ದಿನ ಅವನ ಗೆಳೆಯ ಆ ಪತ್ರಿಕೆ ತಂದು ನನ್ನ ಮೇಜಿನ ಮೇಲಿಟ್ಟ. "ಮಿಸ್, ಈ ಪುಟದ್ದು ಸೇರ್ಸಿಲ್ಲ ನೀವು" ಅಂದ.

ನೋಡಿದೆ. ಮೂರು ಅಂಕದ್ದೊಂದು, ಎರಡು ಅಂಕದ್ದೊಂದು ಲೆಕ್ಕ. ಎರಡೂ ಸರಿ, ಎರಡಕ್ಕೂ ನಾನೇ ಕೆಂಪು ಶಾಯಿಯಲ್ಲಿ ಅಂಕ ಹಾಕಿದ್ದೇನೆ. ಒಟ್ಟು ಮಾಡುವಾಗ ಮಾತ್ರ ಪುಟ ಮಗುಚಿಹೋಗಿದೆ. ಅವನಿಗೆ ಬರಬೇಕಾದದ್ದು 31. ಆ ಪತ್ರಿಕೆ ತಿದ್ದಿದ್ದು ರಾತ್ರಿ ಹನ್ನೊಂದೂವರೆ ಮೇಲೆ, ಅಡುಗೆಮನೆ ಕಟ್ಟೆಯ ಪಕ್ಕ ನಿಂತುಕೊಂಡು. ಕೂತರೆ ನಿದ್ದೆ ಬರುತ್ತದೆಂದು ನಿಂತಿದ್ದೆ.

ಆವತ್ತು ಸಂಜೆ ಸ್ಕೂಟಿ ತಗೊಂಡು ಅವನ ಮನೆಗೆ ಹೋದೆ. ಅವರಪ್ಪ ತೆಂಗಿನಕಾಯಿ ಸುಲಿಯುವ ಕೂಲಿ. ಹುಡುಗನೂ ಅಪ್ಪನ ಜೊತೆ ಕಾಯಿ ರಾಶಿಯ ಹತ್ತಿರ ಕೂತಿದ್ದ. "ಇವ್ನಿಗೆ ಓದು ಹತ್ತಲ್ಲ ಬಿಡಿ ಟೀಚರಮ್ಮ, ಇದ್ನೇ ಕಲೀಲಿ" ಅಂದರು ಅವರಮ್ಮ. ತಪ್ಪು ನನ್ನದು ಎಂದು ಅವನೆದುರಿಗೇ ಹೇಳಿದೆ. ಸೋಮವಾರ ಬಂದ. ಆದರೆ ಐದು ಅಂಕದ ಅಜಾಗರೂಕತೆಯಿಂದ ಒಬ್ಬ ಹುಡುಗನ ಓದು ನಿಲ್ಲುವುದರಲ್ಲಿತ್ತು ಎಂಬುದು ನನ್ನನ್ನು ವಾರಗಟ್ಟಲೆ ಬಿಡಲಿಲ್ಲ.

ನಾನು ತಿಪಟೂರಿನಲ್ಲಿದ್ದೇನೆ. ಶಾಲೆ ಹಳ್ಳಿಯಲ್ಲಿ, ಸರ್ಕಾರಿ ಪ್ರೌಢಶಾಲೆ. ಮನೆಯಲ್ಲಿ ಗಂಡ, ಇಬ್ಬರು ಮಕ್ಕಳು, ಇನ್ಸುಲಿನ್ ತೆಗೆದುಕೊಳ್ಳುವ ಅತ್ತೆ. ಗಂಡನಿಗೆ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ, ಹರಾಜಿನ ದಿನ ರಾತ್ರಿ ಎಂಟಕ್ಕೆ ಮುಂಚೆ ಬರುವುದಿಲ್ಲ. ಆ ಫೆಬ್ರವರಿಯಲ್ಲಿ ತಲೆನೋವೆಂದು ಡಾಕ್ಟರ ಹತ್ತಿರ ಹೋದಾಗ ಬಿಪಿ 150/96 ಇತ್ತು. ಬೇರೆ ಬೇರೆ ದಿನ ಮೂರು ಸಲ ನೋಡಿ ಮಾತ್ರೆ ಬರೆದರು. ಅದನ್ನು ಇವತ್ತಿಗೂ ತೆಗೆದುಕೊಳ್ಳುತ್ತೇನೆ. ಮುಂದೆ ಹೇಳುವ ಯಾವುದೂ ಆ ಮಾತ್ರೆಯ ಬದಲಿಗೆ ಅಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಬೆಳಗಿನ ಜಾವ ನಾಲ್ಕೂವರೆಗೆ ಏಳುವುದು, ಅರ್ಧರ್ಧ ಗಂಟೆಗೆ ಗೆರೆ ಎಳೆದ ವೇಳಾಪಟ್ಟಿ, ಬಣ್ಣದ ಪೆನ್ನು. ಒಂಬತ್ತು ದಿನ ನಡೆಯಿತು. ಹತ್ತನೇ ದಿನ ನಲ್ಲಿಯಲ್ಲಿ ನೀರು ಬಂತು, ಅಲ್ಲಿಗೆ ಪಟ್ಟಿ ಮುಗಿಯಿತು. ನೀರು ಬಂದಾಗ ಸಂಪು ತುಂಬಿಸಬೇಕು, ಮೇಲಿನ ಟ್ಯಾಂಕಿಗೆ ಹತ್ತಿಸಬೇಕು, ಬಟ್ಟೆ ನೆನೆಹಾಕಬೇಕು. ಪಟ್ಟಿಯಲ್ಲಿ ಆ ಹೊತ್ತಿಗೆ ಬರೆದಿದ್ದದ್ದು "ನಾಳಿನ ಪಾಠ ತಯಾರಿ".

ಆ ಪಟ್ಟಿಯ ಎದುರು ತುಂಬಾ ಹೊತ್ತು ಕೂತಿದ್ದೆ. ಇಡೀ ದಿನ ನನ್ನದೇ ಎಂದುಕೊಂಡು ಅದನ್ನು ಹಂಚಿದ್ದೆನಲ್ಲ, ಅಲ್ಲೇ ತಪ್ಪಿದ್ದೆ. ಹಳೇ ಕ್ಯಾಲೆಂಡರಿನ ಒಂದು ಹಾಳೆ ಹರಿದು ಹಿಂಬದಿಯಲ್ಲಿ ಬೇರೆ ಲೆಕ್ಕ ಶುರು ಮಾಡಿದೆ. ಏನು ಮಾಡಬೇಕು ಅನ್ನುವುದನ್ನು ಬರೆಯಲೇ ಇಲ್ಲ. ಯಾವ್ಯಾವ ಹೊತ್ತು ನನ್ನ ಕೈಯಲ್ಲಿಲ್ಲ, ಅದನ್ನಷ್ಟೇ ಬರೆದೆ. ನೀರು ಬರುವ ದಿನದ ಬೆಳಗಿನ ಒಂದೂವರೆ ಗಂಟೆ. ಅತ್ತೆಗೆ ಬೆಳಗ್ಗೆ ತಿಂಡಿಗೆ ಮುಂಚೆ, ರಾತ್ರಿ ಊಟಕ್ಕೆ ಮುಂಚೆ ಇನ್ಸುಲಿನ್. ಮಕ್ಕಳ ಶಾಲೆಯ ವ್ಯಾನು. ನನ್ನ ಶಾಲೆಯ ಪ್ರಾರ್ಥನೆ. ಪೀರಿಯಡ್ಡುಗಳು. ಬಿಸಿಯೂಟದ ಸರದಿ ಇರುವ ದಿನ ಮಕ್ಕಳಿಗಿಂತ ಮೊದಲು ರುಚಿ ನೋಡಿ ವಹಿಯಲ್ಲಿ ಬರೆದು ಸಹಿ ಹಾಕುವುದು. ಸಂಜೆ ಹತ್ತನೇ ತರಗತಿಯ ವಿಶೇಷ ತರಗತಿ. ರಾತ್ರಿ ಅಡುಗೆ. ಆರೂವರೆ ಗಂಟೆ ನಿದ್ದೆಯನ್ನೂ ಇದೇ ಪಟ್ಟಿಗೆ ಸೇರಿಸಿದೆ. ಡಾಕ್ಟರು ಹೇಳಿದ ಮೇಲೆ ಅದೂ ನನ್ನ ಕೈಯಲ್ಲಿಲ್ಲ ಎಂದು ತೀರ್ಮಾನಿಸಿದೆ.

ಉಳಿದದ್ದನ್ನು ಕೂಡಿದೆ. ದಿನಕ್ಕೆ ಎರಡು ಗಂಟೆ ಹತ್ತು ನಿಮಿಷ. ಅದೂ ಒಟ್ಟಿಗಲ್ಲ, ಮೂರು ತುಂಡಾಗಿ. ಅದುವರೆಗೆ ನನಗೆ ಐದು ಗಂಟೆಯಾದರೂ ಇದೆ, ನಾನೇ ಸೋಮಾರಿತನದಿಂದ ಕಳೆಯುತ್ತಿದ್ದೇನೆ ಅಂದುಕೊಂಡಿದ್ದೆ. ದಿನಾ ರಾತ್ರಿ ಆ ಇಲ್ಲದ ಮೂರು ಗಂಟೆಗಾಗಿ ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಲೆಕ್ಕದ ಮೇಷ್ಟ್ರಾಗಿ ಹದಿನಾಲ್ಕು ವರ್ಷ ಪಾಠ ಮಾಡಿದವಳು ನನ್ನ ದಿನವನ್ನೊಮ್ಮೆ ಕೂಡಿ ಕಳೆದು ನೋಡಿರಲಿಲ್ಲ. ಆ ರಾತ್ರಿ ಎಷ್ಟೋ ತಿಂಗಳ ಮೇಲೆ ಹಗುರಾಗಿ ಮಲಗಿದೆ. ಕೆಲಸ ಒಂದೂ ಕಡಿಮೆಯಾಗಿರಲಿಲ್ಲ. ಅವೆಲ್ಲ ಈ ಎರಡು ಗಂಟೆಯಲ್ಲಿ ಹಿಡಿಯುವುದಿಲ್ಲ, ಹಾಗಾಗಿ ಕೆಲವನ್ನು ಬೇರೆ ರೀತಿ ಮಾಡಬೇಕು, ಕೆಲವನ್ನು ಬೇರೆಯವರು ಮಾಡಬೇಕು ಎನ್ನುವುದು ಖಚಿತವಾಯಿತು.

ಬೇರೆ ರೀತಿ ಮಾಡಿದ್ದರಲ್ಲಿ ದೊಡ್ಡದು ಪತ್ರಿಕೆ ತಿದ್ದುವುದು. ಎರಡು ಸೆಕ್ಷನ್ ಸೇರಿ 74 ಮಕ್ಕಳು. ಗಣಿತದ ಪತ್ರಿಕೆಯಲ್ಲಿ 38 ಪ್ರಶ್ನೆ: ಒಂದು ಅಂಕದ್ದು ಹದಿನಾರು, ಎರಡರದ್ದು ಎಂಟು, ಮೂರರದ್ದು ಒಂಬತ್ತು, ನಾಲ್ಕರದ್ದು ನಾಲ್ಕು, ಐದರದ್ದು ಒಂದು. ಮೊದಲು ನಾನು ಒಬ್ಬರ ಪತ್ರಿಕೆ ಪೂರ್ತಿ ತಿದ್ದಿ ಇನ್ನೊಬ್ಬರದ್ದು ಎತ್ತಿಕೊಳ್ಳುತ್ತಿದ್ದೆ. ಒಂದಕ್ಕೆ ಹನ್ನೆರಡು ನಿಮಿಷ, 74ಕ್ಕೆ ಹೆಚ್ಚುಕಡಿಮೆ ಹದಿನೈದು ಗಂಟೆ. ಈಗ ಒಂದು ಕೂತಕ್ಕೆ ಒಂದು ಭಾಗ ಮಾತ್ರ. ಮೊದಲ ದಿನ 74 ಪತ್ರಿಕೆಗಳ ಒಂದು ಅಂಕದ ಪ್ರಶ್ನೆಗಳಷ್ಟೇ. ಹತ್ತು ಪತ್ರಿಕೆ ಆಗುವಷ್ಟರಲ್ಲಿ ಉತ್ತರಗಳು ಬಾಯಿಪಾಠವಾಗಿರುತ್ತವೆ, ಉತ್ತರ ಸೂಚಿ ನೋಡುವುದೇ ಬೇಡ. ಮರುದಿನ ಎರಡು ಅಂಕದವು. ಪ್ರಮೇಯಕ್ಕೆ, ತ್ರಿಕೋನಮಿತಿಗೆ ಒಂದೊಂದು ದಿನ. ಒಂದೇ ಪ್ರಶ್ನೆಯನ್ನು 74 ಸಲ ನೋಡುವುದರಿಂದ ಹಂತಕ್ಕೆ ಕೊಡುವ ಅಂಕವೂ ಎಲ್ಲರಿಗೂ ಸಮನಾಗಿರುತ್ತದೆ. ಮೊದಲ ಪತ್ರಿಕೆಗೆ ಧಾರಾಳ, ರಾತ್ರಿ ಹನ್ನೊಂದರ ಪತ್ರಿಕೆಗೆ ಬಿಗಿ ಎಂಬ ಅನ್ಯಾಯ ಇಲ್ಲ. ಯಾವ ಲೆಕ್ಕದಲ್ಲಿ ಇಡೀ ತರಗತಿ ಎಡವಿದೆ ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ. ಹೀಗೆ ಮಾಡಿದರೆ ಒಂದಕ್ಕೆ ಒಂಬತ್ತು ನಿಮಿಷ, ಒಟ್ಟು ಹನ್ನೊಂದು ಗಂಟೆ ಆಸುಪಾಸು.

ಅಂಕಗಳನ್ನು ಮುಖಪುಟದಲ್ಲಿ ಪ್ರಶ್ನೆ ಸಂಖ್ಯೆಯ ಮನೆ ಹಾಕಿ ತುಂಬುತ್ತೇನೆ. ಒಟ್ಟು ನಾನು ಮಾಡುವುದಿಲ್ಲ. ವಿಜ್ಞಾನದ ಮೇಡಂ ನನ್ನದನ್ನು ಕೂಡುತ್ತಾರೆ, ಅವರದ್ದನ್ನು ನಾನು. ತಿದ್ದಿದವರ ಕಣ್ಣಿಗೆ ತಮ್ಮ ತಪ್ಪು ಕಾಣುವುದಿಲ್ಲ. ಮೂರು ವರ್ಷಕ್ಕೆ ಹತ್ತಿರವಾಯಿತು. ಮಕ್ಕಳ ಕೈಗೆ ಹೋದ ಮೇಲೆ ಒಟ್ಟು ತಪ್ಪಿದೆ ಎಂದು ಒಂದು ಪತ್ರಿಕೆಯೂ ವಾಪಸ್ಸು ಬಂದಿಲ್ಲ. ಇನ್ನೊಂದು ನಿಯಮ, ಪತ್ರಿಕೆಯ ಕಟ್ಟು ಮನೆಗೆ ಬರುವುದಿಲ್ಲ. ಬೀರುವಿನಲ್ಲಿಟ್ಟು ಬೀಗ ಹಾಕಿ ಬರುತ್ತೇನೆ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಸ್ಕೂಟಿಯಲ್ಲಿ ಶಾಲೆಗೆ 25 ನಿಮಿಷ, ಬಸ್ಸಿನಲ್ಲಿ 45. ಪೆಟ್ರೋಲ್ ಉಳಿಯುತ್ತದೆ ಎಂದು ಒಂದು ವಾರ ಬಸ್ಸು ಹತ್ತಿ ನೋಡಿದೆ, ಆಮೇಲೆ ಸ್ಕೂಟಿ ಬಿಟ್ಟೆ. ಲೆಕ್ಕದ ಪ್ರಕಾರ ದಿನಕ್ಕೆ 40 ನಿಮಿಷ ನಷ್ಟ. ಆದರೆ ಸ್ಕೂಟಿಯ 25 ನಿಮಿಷ ಪೂರ್ತಿ ರಸ್ತೆಯ ಪಾಲು. ಬಸ್ಸಿನ 45 ನಿಮಿಷದಲ್ಲಿ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಬೆಳಗ್ಗೆ ಆವತ್ತಿನ ಪಾಠದ ಲೆಕ್ಕಗಳನ್ನು ನೋಡಿಕೊಳ್ಳುತ್ತೇನೆ, ಸೀಟು ಸಿಗದಿದ್ದರೆ ಕಂಬ ಹಿಡಿದು ಮನಸ್ಸಿನಲ್ಲೇ ಬಿಡಿಸುತ್ತೇನೆ. ಸಂಜೆ ಏನೂ ಮಾಡುವುದಿಲ್ಲ. ತೆಂಗಿನ ತೋಟಗಳನ್ನು ನೋಡುತ್ತಾ ಬರುತ್ತೇನೆ. ಮೊದಲೆಲ್ಲ ಶಾಲೆಯ ಸಿಟ್ಟನ್ನು ಹೊತ್ತುಕೊಂಡೇ ಮನೆ ಬಾಗಿಲು ತೆಗೆಯುತ್ತಿದ್ದೆ. ಅದರ ಬಿಸಿ ಮಕ್ಕಳಿಗೆ ತಗಲುತ್ತಿತ್ತು. ಬಸ್ಸು ಊರು ಮುಟ್ಟುವಷ್ಟರಲ್ಲಿ ಅದು ಅರ್ಧ ಇಳಿದಿರುತ್ತದೆ.

ಮನೆಯ ವಿಷಯ ಇಷ್ಟು ಸುಲಭವಾಗಿರಲಿಲ್ಲ. "ಹೇಳಿದ್ರೆ ಮಾಡ್ತಿದ್ದೆನಲ್ಲ, ಹೇಳ್ಬೇಕಿತ್ತು" ಅನ್ನುತ್ತಿದ್ದರು ನನ್ನ ಗಂಡ. ಸುಳ್ಳಲ್ಲ, ಹೇಳಿದರೆ ಮಾಡುತ್ತಿದ್ದರು. ಒಂದು ದಿನ ಸಮಾಧಾನವಾಗಿ ಕೂರಿಸಿ ಹೇಳಿದೆ: "ರೀ, ಮಾತ್ರೆ ತರೋದು ಐದು ನಿಮಿಷದ ಕೆಲಸ. ಯಾವುದು ಯಾವತ್ತು ಮುಗಿಯುತ್ತೆ, ಯಾವಾಗ ಹೇಳ್ಬೇಕು ಅಂತ ತಿಂಗಳಿಡೀ ತಲೇಲಿ ಇಟ್ಕೊಂಡು ಓಡಾಡೋದು ನಾನು. ಆ ಕೆಲಸ ತಗೊಳ್ಳಿ." ಅತ್ತೆಯ ಔಷಧದ ಜವಾಬ್ದಾರಿ ಪೂರ್ತಿ ಅವರಿಗೆ ಹೋಯಿತು. ಮಾತ್ರೆ, ಫ್ರಿಜ್ಜಿನಲ್ಲಿಡುವ ಇನ್ಸುಲಿನ್, ಸೂಜಿ, ಮೂರು ತಿಂಗಳಿಗೊಮ್ಮೆ ಸಕ್ಕರೆಯ ಪರೀಕ್ಷೆ, ಡಾಕ್ಟರ ಹತ್ತಿರ ಹೋಗುವ ದಿನ ಎಲ್ಲವೂ. ಹರಾಜಿನ ದಿನದ ರಾತ್ರಿ ಇನ್ಸುಲಿನ್ ಹಾಕುವುದು ಮಾತ್ರ ನನ್ನದು.

ಎರಡನೇ ವಾರದಲ್ಲಿ ಕ್ಯಾಲ್ಸಿಯಂ ಮಾತ್ರೆ ಮುಗಿಯುತ್ತಾ ಬಂತು. ನನಗೆ ಕಾಣುತ್ತಿತ್ತು. ಸುಮ್ಮನಿದ್ದೆ. ಸಕ್ಕರೆಯದ್ದೋ ಬಿಪಿಯದ್ದೋ ಆಗಿದ್ದರೆ ಖಂಡಿತ ಬಾಯಿ ಬಿಡುತ್ತಿದ್ದೆ. ಎರಡು ದಿನ ಮಾತ್ರೆ ತಪ್ಪಿತು, ಅವರೇ ಗಮನಿಸಿದರು, ಆವತ್ತೇ ಹೋಗಿ ತಂದರು, ಗೋಡೆಗೆ ಒಂದು ಚೀಟಿ ಅಂಟಿಸಿದರು. ಆಮೇಲೆ ತಪ್ಪಿಲ್ಲ. ಆ ಎರಡು ದಿನ ನಾಲಿಗೆ ಕಚ್ಚಿಕೊಂಡಿದ್ದೇ ಈ ಎಲ್ಲದರಲ್ಲಿ ನನಗೆ ಕಷ್ಟವಾದ ಕೆಲಸ. ಎಲ್ಲವನ್ನೂ ನಾನೇ ನೋಡಿಕೊಳ್ಳಬೇಕು ಎಂಬ ಅಭ್ಯಾಸದಲ್ಲಿ ಸ್ವಲ್ಪ ಹೆಮ್ಮೆಯೂ ಸೇರಿತ್ತು ಎಂದು ಆಗ ಗೊತ್ತಾಯಿತು.

ಅತ್ತೆಗೆ ಕೆಲಸ ಹೇಳುವುದಕ್ಕೆ ಹಿಂಜರಿದಿದ್ದೆ. ಅವರೇ ಕೇಳಿದರು, "ನಂಗೂ ಏನಾದ್ರೂ ಕೊಡವ್ವ, ಕೂತೂ ಕೂತೂ ಬೇಜಾರು." ಈಗ ಸೊಪ್ಪು ಸೋಸುವುದು, ಬೆಳ್ಳುಳ್ಳಿ ಬಿಡಿಸುವುದು ಅವರದು. ಭಾನುವಾರ ಸಾರಿನ ಪುಡಿಗೆ ಹುರಿಯುವುದು ನಾನು, ಹದ ಹೇಳುವುದು ಅವರು. ವಾರದಲ್ಲಿ ಎರಡು ದಿನ ಬಸ್ಸಾರು: ಕಾಳು, ಸೊಪ್ಪು ಒಟ್ಟಿಗೆ ಬೇಯಿಸಿ ಬಸಿದರೆ ಕಟ್ಟಿನಲ್ಲಿ ಸಾರು, ಬೆಂದದ್ದರಲ್ಲಿ ಪಲ್ಯ. ಒಂದೇ ಕುಕ್ಕರಿನಲ್ಲಿ ಎರಡು ಅಡುಗೆ, ಮುದ್ದೆಯೊಂದು ತೊಳಸಿದರೆ ಆಯಿತು. ನಮ್ಮ ಕಡೆಯ ಹಿಂದಿನ ಹೆಂಗಸರು ಹೊಲದ ಕೆಲಸ ಮುಗಿಸಿ ಬಂದು ಈ ಅಡುಗೆ ಮಾಡುತ್ತಿದ್ದರು ಎಂದು ನೆನೆದರೆ ಗೌರವ ಬರುತ್ತದೆ.

ಅವರೆಕಾಯಿ ಕಾಲದಲ್ಲಿ ಮಾತ್ರ ನಾನು ಸಮಯ ಉಳಿಸಲು ಹೋಗುವುದಿಲ್ಲ. ಹಿದುಕಿದ ಬೇಳೆ ಪೇಟೆಯಲ್ಲಿ ಪ್ಯಾಕೆಟ್ಟಿನಲ್ಲೇ ಸಿಗುತ್ತದೆ. ಆದರೂ ಒಂದು ಮಣ ಕಾಯಿ ತರಿಸಿ, ಭಾನುವಾರ ಮಧ್ಯಾಹ್ನ ಎಲ್ಲರೂ ಸುತ್ತ ಕೂತು ಬಿಡಿಸಿ, ನೆನೆಸಿ, ರಾತ್ರಿ ಹಿದುಕುತ್ತೇವೆ. ನಾಲ್ಕು ಗಂಟೆ ಹೋಗುತ್ತದೆ. ಮಕ್ಕಳು ಶಾಲೆಯಲ್ಲಿ ನಡೆದದ್ದನ್ನು ಹೇಳುವುದೇ ಆಗ. ಬೇರೆಡೆ ಉಳಿಸಿದ್ದು ಇಲ್ಲಿ ಖರ್ಚಾಗಲಿ ಅಂತಲೇ.

ಶಾಲೆಯ ಇನ್ನೊಂದು ಭಾರ ವಾಟ್ಸಾಪ್ ಗ್ರೂಪುಗಳು. "ನಾಳೆ ಹನ್ನೊಂದರೊಳಗೆ ಮಾಹಿತಿ ಸಲ್ಲಿಸಿ" ಎಂಬ ಸಂದೇಶ ರಾತ್ರಿ ಒಂಬತ್ತೂವರೆಗೆ ಬಂದರೆ ನಿದ್ದೆ ಕೆಟ್ಟಿತೆಂದೇ ಲೆಕ್ಕ. ಒಂದು ತಿಂಗಳು ಹಾಗೆ ಕೇಳಿದ್ದನ್ನೆಲ್ಲ ಬರೆದಿಟ್ಟುಕೊಂಡೆ. ಹೆಚ್ಚಿನವು ಒಂದೇ ಅಂಕಿಗಳ ಬೇರೆ ಬೇರೆ ನಮೂನೆ: ಗಂಡು ಹೆಣ್ಣು ದಾಖಲಾತಿ, ವರ್ಗವಾರು ಸಂಖ್ಯೆ, ಹಾಜರಾತಿ, ರೂಪಣಾತ್ಮಕ ಪರೀಕ್ಷೆಯ ಫಲಿತಾಂಶ. ಇವನ್ನೆಲ್ಲ ಒಂದು ಪುಟದಲ್ಲಿ ಬರೆದು ತಿಂಗಳ ಮೊದಲ ದಿನ ಸರಿಪಡಿಸಿ ಫೋನಿನಲ್ಲಿ ಫೋಟೋ ಇಟ್ಟುಕೊಂಡೆ. ರಾತ್ರಿ ಎಂಟರ ಮೇಲೆ ಗ್ರೂಪು ನೋಡುವುದಿಲ್ಲ, ತುರ್ತಿದ್ದರೆ ಫೋನ್ ಮಾಡಿ ಎಂದು ಮುಖ್ಯೋಪಾಧ್ಯಾಯರಿಗೆ ಹೇಳಿದೆ. ಹೇಳುವಾಗ ಗಂಟಲು ಒಣಗಿತ್ತು. "ಆಗ್ಲಿ ಮೇಡಂ" ಅಂದರು, ಅಷ್ಟೇ. ಇದುವರೆಗೆ ಅವರ ಫೋನು ರಾತ್ರಿ ಬಂದದ್ದು ಎರಡು ಸಲ.

2025ರ ದಸರಾ ರಜೆಯಲ್ಲಿ ಇದೆಲ್ಲ ತಲೆಕೆಳಗಾಯಿತು. ಸೆಪ್ಟೆಂಬರ್ 22ರಿಂದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ, ಗಣತಿದಾರರಾಗಿ ನಾವು ಶಿಕ್ಷಕರು. ಮನೆಮನೆಯಲ್ಲೂ ಕೂತು 60 ಪ್ರಶ್ನೆ ಕೇಳಬೇಕು. ಬೆಳಗ್ಗೆ ಹೋದರೆ ಕೂಲಿಗೆ ಹೋಗಿರುತ್ತಾರೆ, ಸಂಜೆಯೇ ಸಿಗುವುದು. ಹೊಸ ಹಾಳೆ ಬರೆಯಲು ಕೂತೆ; ನನ್ನ ಪಾಲಿನ ಹೊತ್ತು ಸೊನ್ನೆಗೆ ಬಂತು. ಆಗ ಎರಡೇ ಎರಡು ಹಿಡಿದುಕೊಂಡೆ, ನಿದ್ದೆ ಮತ್ತು ಅತ್ತೆಯ ಊಟದ ಹೊತ್ತು. ಆಯುಧಪೂಜೆಗೆ ಮನೆ ಒರೆಸಿದ್ದು ಮಗಳು, ಕುಂಬಳಕಾಯಿ ತಂದದ್ದು ಗಂಡ. ಜೇಡರಬಲೆ ದೀಪಾವಳಿವರೆಗೂ ಇತ್ತು. ಮೂರು ವರ್ಷದ ಹಿಂದಾಗಿದ್ದರೆ ಅದಕ್ಕಾಗಿ ಅತ್ತುಬಿಡುತ್ತಿದ್ದೆ.

ಆ ಹುಡುಗ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ 41 ತೆಗೆದ. ಆಮೇಲೆ ಐಟಿಐ ಸೇರಿದ. ಊರಲ್ಲಿದ್ದಾಗ ಸಂಜೆ ನನ್ನದೇ ಬಸ್ಸಿನಲ್ಲಿ ಸಿಗುತ್ತಾನೆ, ಸೀಟು ಇದ್ದರೆ ಎದ್ದು ಕೊಡುತ್ತಾನೆ.

ಬರುವ ಜೂನ್‌ಗೆ ಮಗಳು ಹತ್ತನೇ ತರಗತಿ. ಅವಳ ಟ್ಯೂಷನ್ನಿನ ಹೊತ್ತು ಸೇರಿಸಿದರೆ ಹಾಳೆಯನ್ನು ಮತ್ತೆ ಮೊದಲಿಂದ ಬರೆಯಬೇಕು. ಮೊನ್ನೆ ಕ್ಯಾಲೆಂಡರು ಹರಿಯುತ್ತಿದ್ದೆ. ಅತ್ತೆ ಕೂತಲ್ಲಿಂದಲೇ ಕೇಳಿದರು: "ಈ ಸಲ ನಂಗೇನು ಬರ್ದೆ?"