ಟೋ ಗ್ರೈಂಡಿಂಗ್: ಎಂಟು ದಿನದ ಜಾಯಿಂಟ್ 24 ದಿನ ಓಡಿತು

"ಕೈಯಲ್ಲಿ ಉಜ್ಜಿದ್ದನ್ನೆಲ್ಲ ಲೆಕ್ಕಕ್ಕೆ ಹಿಡಿಯೋಕಾಗಲ್ಲ" ಅಂತ ನಮ್ಮ ವೆಲ್ಡಿಂಗ್ ಎಂಜಿನಿಯರ್ ಮೀಟಿಂಗಿನಲ್ಲೇ ಹೇಳಿದ್ದರು. ವೆಲ್ಡ್ ಟೋ, ಅಂದರೆ ವೆಲ್ಡ್ ಪೈಪಿಗೆ ಸೇರುವ ಅಂಚು, ಅದನ್ನು ಗ್ರೈಂಡ್ ಮಾಡಿ ನುಣುಪು ಮಾಡಿದರೆ ಜಾಯಿಂಟಿನ ಆಯುಷ್ಯ ಹೆಚ್ಚುತ್ತೆ ಅನ್ನೋದು ನನ್ನ ಮಾತು; ಒಬ್ಬೊಬ್ಬರ ಕೈಗೆ ಒಂದೊಂದು ಫಲಿತಾಂಶ ಬರುತ್ತದೆ ಅನ್ನೋದು ಅವರ ವಾದ. ಅದಕ್ಕೇ ಒಂದೊಂದೇ ಜಾಯಿಂಟನ್ನು ರಿಗ್‌ಗೆ (ಟೆಸ್ಟ್ ಮಷೀನಿಗೆ) ಕಟ್ಟಿ, ಬಿರುಕು ಬಿಡುವವರೆಗೆ ಮತ್ತೆ ಮತ್ತೆ ಭಾರ ಹಾಕಿ ತೆಗೆದು ನೋಡಿದೆ; ಒಂದು ಸಲ ಹಾಕಿ ತೆಗೆದರೆ ಒಂದು ಸೈಕಲ್. ನಾಲ್ಕನೇ ಜಾಯಿಂಟ್ 20 ಲಕ್ಷ ಸೈಕಲ್ ದಾಟಿದ ದಿನ ಅವರೇ ಬಂದು ಕೌಂಟರ್ ನೋಡಿದರು. ಏನೂ ಮಾತಾಡದೆ ಹೋದರು.

ನಮ್ಮದು ಕಡಲಿನ ಪ್ಲಾಟ್‌ಫಾರ್ಮ್‌ಗಳಲ್ಲಿ ಇರುವಂಥದ್ದೇ ಟಿ ಜಾಯಿಂಟ್: ಕಾರ್ಡ್ ಅನ್ನೋ ಮುಖ್ಯ ಪೈಪಿಗೆ ಬ್ರೇಸ್ ಅನ್ನೋ ಇನ್ನೊಂದು ಪೈಪನ್ನು T ಆಕಾರದಲ್ಲಿ ವೆಲ್ಡ್ ಮಾಡಿದ್ದು. ಕಾರ್ಡ್ ಪೈಪಿನ ದಪ್ಪ 16 ಮಿ.ಮೀ., ಹಾಟ್ ಸ್ಪಾಟ್ ಸ್ಟ್ರೆಸ್ ರೇಂಜ್ (ವೆಲ್ಡಿನ ಅಂಚಲ್ಲಿ ಸ್ಟ್ರೆಸ್ ಅತಿ ಹೆಚ್ಚಿರುವ ಜಾಗದಲ್ಲಿ ಪ್ರತಿ ಸೈಕಲ್ಲಿಗೆ ಅದು ಏರಿಳಿಯುವಷ್ಟು) ಸುಮಾರು 200 ಮೆಗಾಪಾಸ್ಕಲ್. ಟೆಸ್ಟ್ ಗಾಳಿಯಲ್ಲಿ, ಸೆಕೆಂಡಿಗೊಂದು ಸೈಕಲ್. ಮೊದಲನೆಯದನ್ನು ಗ್ರೈಂಡ್ ಮಾಡದೆ ಹಾಗೇ ಓಡಿಸಿದೆವು. ಎಂಟು ದಿನಕ್ಕೆ, 7 ಲಕ್ಷದ ಆಸುಪಾಸಿನಲ್ಲಿ, ಸ್ಯಾಡಲ್ (ಬ್ರೇಸ್ ಕಾರ್ಡಿನ ಪಕ್ಕಕ್ಕೆ ಬಾಗಿ ಕೂರುವ ಕಡೆ) ಹತ್ತಿರ ಬಿರುಕು ಆರಪಾರ ಹೋಯಿತು. ಅದು ಗೊತ್ತಿದ್ದದ್ದೇ.

ಎರಡನೆಯದು ನನ್ನ ಜಿಪುಣತನಕ್ಕೆ ಬಲಿ. ಬರ್‌ಗಳು (ಗ್ರೈಂಡರಿಗೆ ಹಾಕುವ, ತಿರುಗುತ್ತಾ ಕೊರೆಯುವ ಸಣ್ಣ ತುದಿಗಳು) ಬೇಗ ಸವೆಯುತ್ತವೆ, ದುಬಾರಿ ಬೇರೆ. ಡಿಸ್ಕ್ ಗ್ರೈಂಡರಿನಲ್ಲೇ ಮುಗಿಸಿಬಿಟ್ಟೆ. ನೋಡೋಕೆ ಚಂದವೋ ಚಂದ. ಆದರೆ ಗೀರುಗಳೆಲ್ಲ ವೆಲ್ಡಿನ ಉದ್ದಕ್ಕೇ ಬಿದ್ದಿದ್ದವು, ಅಂದರೆ ಸ್ಟ್ರೆಸ್‌ಗೆ ಸರಿಯಾಗಿ ಅಡ್ಡ. ಬಿರುಕು ಎಲ್ಲಿ ಹೋಗಬೇಕು ಅಂತ ನಾನೇ ಗೆರೆ ಎಳೆದುಕೊಟ್ಟ ಹಾಗಾಯಿತು. 9 ಲಕ್ಷಕ್ಕೆ ಮುಗಿಯಿತು. ಒಂದು ಜಾಯಿಂಟ್ ಮಾಡಿಸೋಕೆ ನನ್ನ ನಾಲ್ಕು ತಿಂಗಳ ಸಂಬಳದಷ್ಟು ಖರ್ಚು. ರಿಗ್‌ಗೆ ದಿನದ ಬಾಡಿಗೆ ಬೇರೆ, ಓಡಿದರೂ ಅಷ್ಟೇ, ನಿಂತರೂ ಅಷ್ಟೇ. ಹತ್ತು ಬರ್ ಉಳಿಸೋಕೆ ಹೋಗಿ ಇಷ್ಟೆಲ್ಲ ಕಳೆದೆ.

ಮೂರನೆಯದನ್ನು ಹೇಳೋಕೆ ಈಗಲೂ ನಾಚಿಕೆ. ಗ್ರೈಂಡಿಂಗ್ ಚೆನ್ನಾಗೇ ಆಗಿತ್ತು. ಸ್ಟ್ರೇನ್ ಗೇಜಿನ (ಉಕ್ಕು ಎಷ್ಟು ಹಿಗ್ಗುತ್ತದೆ ಅಂತ ಅಳೆಯುವ ಪಟ್ಟಿ) ವೈರ್ ಜೋತಾಡುತ್ತಿದೆ ಅಂತ ಹುಡುಗನೊಬ್ಬ ಬ್ರೇಸ್ ಮೇಲೆ ಸಣ್ಣ ಕ್ಲಿಪ್ ಟ್ಯಾಕ್ ಹಾಕಿದ, ಅಂದರೆ ಚುಕ್ಕಿಯಷ್ಟು ವೆಲ್ಡ್ ಮಾಡಿ ಕೂರಿಸಿದ. ನಾನು ನೋಡಿಯೂ ಸುಮ್ಮನಿದ್ದೆ. 5 ಲಕ್ಷಕ್ಕೆ ಅದೇ ಟ್ಯಾಕ್‌ನಿಂದ ಬಿರುಕು! 1980ರ ಮಾರ್ಚ್ 27ರಂದು ಉತ್ತರ ಸಮುದ್ರದ ಎಕೋಫಿಸ್ಕ್‌ನಲ್ಲಿ ಅಲೆಕ್ಸಾಂಡರ್ ಕೀಲಾಂಡ್ ಅನ್ನೋ ತೇಲುವ ಪ್ಲಾಟ್‌ಫಾರ್ಮ್ ಮಗುಚಿ, ಅದರಲ್ಲಿದ್ದ 212 ಜನರಲ್ಲಿ 123 ಜನ ಸತ್ತರಲ್ವಾ, ಅಲ್ಲೂ ಬಿರುಕು ಶುರುವಾಗಿದ್ದು ಹೈಡ್ರೋಫೋನ್ (ನೀರೊಳಗಿನ ಶಬ್ದ ಹಿಡಿಯುವ ಮೈಕ್) ಕೂರಿಸೋಕೆ ಬ್ರೇಸ್‌ಗೆ ಹಾಕಿದ್ದ 6 ಮಿ.ಮೀ. ಫಿಲೆಟ್ ವೆಲ್ಡಿನಿಂದ. ಹೊಸಬರಿಗೆ ಈ ಪಾಠ ಹೇಳುವವನೇ ನಾನು. ಈಗ ನಮ್ಮಲ್ಲಿ ಕ್ಲಿಪ್ಪನ್ನು ಅಂಟು ಹಾಕಿಯೇ ಕೂರಿಸುವುದು.

ನಾಲ್ಕನೆಯದಕ್ಕೆ ಕೈ ಹಾಕುವ ಮೊದಲು ಒಂದು ತಿಂಗಳು ರಿಗ್ ಬಿಟ್ಟುಕೊಟ್ಟೆ. ಮೂಲೆಯಲ್ಲಿ ಬಿದ್ದಿದ್ದ ವೆಲ್ಡ್ ಮಾಡಿದ ಪ್ಲೇಟ್ ತುಂಡುಗಳನ್ನು ಸಣ್ಣ ಮಷೀನಿನಲ್ಲಿ ಮುರಿಯುತ್ತಾ ಕೂತೆ. ಟೋ ಒಂದನ್ನೇ ನುಣುಪು ಮಾಡಿದರೆ ಬಿರುಕು ಜಾಗ ಬದಲಿಸುತ್ತದೆ. ಮೇಲಿನ ಬೀಡ್‌ಗಳ (ವೆಲ್ಡಿನ ಒಂದೊಂದು ಸಾಲು) ನಡುವಿನ ಸಂದಿಯಿಂದ ಹೊರಡುತ್ತದೆ. ಹಾಗಾಗಿ ಆ ಸಂದಿಗಳನ್ನೂ ಬಿಡಲಿಲ್ಲ. ಟೋನಲ್ಲಿ ಅಂಡರ್‌ಕಟ್‌ನ (ವೆಲ್ಡಿನ ಅಂಚಲ್ಲಿ ಉಕ್ಕು ಕರಗಿ ಆದ ತೋಡು) ತಳಕ್ಕಿಂತ ಅರ್ಧ ಮಿ.ಮೀ. ಕೆಳಗೆ ಇಳಿದೆ, ಒಂದೂವರೆ ದಾಟಲಿಲ್ಲ. ಕೊನೆಯ ಗೀರುಗಳೆಲ್ಲ ವೆಲ್ಡಿಗೆ ಅಡ್ಡ. ಮೀಟರಿಗೆ ಒಂದೂವರೆ ಗಂಟೆ ಹಿಡಿಯಿತು, ಮಣಿಕಟ್ಟು ಎರಡು ದಿನ ನೋಯಿತು. ಸ್ಯಾಡಲ್ ತಿರುವಿನಲ್ಲಿ ಬರ್ ಕುಣಿಯದ ಹಾಗೆ ಹೇಗೆ ಹಿಡಿಯುತ್ತೇನೆ, ಕೊನೆಯ ಪಾಸ್‌ಗೆ ಏನು ಹಚ್ಚುತ್ತೇನೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

24 ದಿನ ಓಡಿತು. ಹತ್ತಿರಹತ್ತಿರ ಮೂರು ಪಟ್ಟು. ಆದರೂ "ನಿಮ್ಮ ಕೈ ಅಂತ ಆಯ್ತು" ಅನ್ನೋ ಮಾತು ಬಂತು. ಐದನೆಯದನ್ನು ಬೇರೆ ಹುಡುಗನ ಕೈಗೆ ಕೊಟ್ಟೆ. ಹೌದು, ಕ್ಲಿಪ್ ಹಾಕಿದವನೇ. ಎರಡು ದಿನ ಸುಮ್ನೆ ಸ್ಕ್ರ್ಯಾಪ್ ಮೇಲೆ ಕೈ ಪಳಗಿಸಿದ, ಮೂರನೇ ದಿನ ಜಾಯಿಂಟಿಗೆ ಕೂತ. ಅವನದು 21 ದಿನ, 18 ಲಕ್ಷ. ಕೈ ಬದಲಾದರೂ ವ್ಯತ್ಯಾಸ ಅಷ್ಟೇ!

ನಡುವೆ ಉಪ್ಪುನೀರಿನಲ್ಲೂ ಸ್ವಲ್ಪ ಆಡಿದೆ. ಕ್ಯಾಥೋಡಿಕ್ ಪ್ರೊಟೆಕ್ಷನ್ (ತುಕ್ಕು ಹಿಡಿಯದ ಹಾಗೆ ಉಕ್ಕನ್ನು ಮೈನಸ್ ವೋಲ್ಟೇಜಿನಲ್ಲಿ ಇಡುವುದು) ಜಾಸ್ತಿ ಇದ್ದಷ್ಟೂ ಒಳ್ಳೇದು ಅಂತ ಕೆಲವರು ಅಂದುಕೊಂಡಿದ್ದಾರೆ. ಮೈನಸ್ 850 ಮಿಲಿವೋಲ್ಟಿನಲ್ಲಿ ನಿಧಾನವಾಗಿ ಹೋಗುತ್ತಿದ್ದ ಬಿರುಕು ಮೈನಸ್ 1100ಕ್ಕೆ ಓಟ ಕಿತ್ತಿತು. ಉಕ್ಕಿನೊಳಗೆ ಹೈಡ್ರೋಜನ್ ಸೇರಿದ್ದೇ ಕಾರಣ. ಎರಡೇ ತುಂಡು ಮುರಿದಿದ್ದೇನೆ, ಇದರ ಮೇಲೆ ಜಾಸ್ತಿ ಭಾರ ಹಾಕಬೇಡಿ.

ಆರನೇ ಜಾಯಿಂಟ್ ಈಗ ಉಪ್ಪುನೀರಿನ ತೊಟ್ಟಿಯಲ್ಲಿದೆ. ಅಲ್ಲಿ ಅಲೆಯ ವೇಗಕ್ಕೇ ಓಡಿಸಬೇಕು, ಅವಸರ ಮಾಡಿದರೆ ನೀರಿಗೆ ತನ್ನ ಕೆಲಸ ಮಾಡೋಕೆ ಸಮಯವೇ ಸಿಗಲ್ಲ. ಐದು ಸೆಕೆಂಡಿಗೊಂದು ಸೈಕಲ್, 10 ಲಕ್ಷಕ್ಕೇ ಎರಡು ತಿಂಗಳು. ಬಾಡಿಗೆಯ ಬಿಲ್ಲನ್ನು ವೆಲ್ಡಿಂಗ್ ಎಂಜಿನಿಯರೇ ಸಹಿ ಮಾಡಿ ಕಳಿಸುತ್ತಿದ್ದಾರೆ.